ಗೋಡೆಯೊಳಗಿನ ಗಡಿಯಾರ

ಮಕ್ಕಳು ಕಥೆಯನ್ನು ಬಲ್ಲರು, ಕಥೆಗಾರನನ್ನು ಅರಿಯರು. ಅಜ್ಜಿಯ ಬಾಯಿಂದ ಕಾಗೆ ಗುಬ್ಬಿಗಳ ಕಥೆಯನ್ನು ಕೇಳುವ ಕೂಸಿಗೆ ಅದನ್ನು ಮೊದಲು ಕಟ್ಟಿದವರು ಯಾರೆಂಬ ಚಿಂತೆಯಿಲ್ಲ. ಅಚ್ಚಾದ ಪುಸ್ತಕವು ಕೈಗೆ ಬಂದ ಮೇಲೆಯೂ ಬಹುಕಾಲ ಇದೇ ಸ್ಥಿತಿ. ಆದರೆ ಎರಡನೆಯದೋ ಮೂರನೆಯದೋ ಪುಸ್ತಕವನ್ನೋದುವಾಗ, ಈ ದನಿಯನ್ನು ಹಿಂದೆಯೂ ಕೇಳಿದ್ದುಂಟೆಂದು ಮಗುವಿಗೆ ಥಟ್ಟನೆ ಹೊಳೆಯುವುದು. ಆಗ ಅದು ರಟ್ಟನ್ನು ತಿರುಗಿಸಿ ಕರ್ತೃವಿನ ಹೆಸರನ್ನು ನೋಡುವುದು. ವಾಚಕನೊಬ್ಬನು ಹುಟ್ಟುವುದು ಆ ಗಳಿಗೆಯಲ್ಲಿ.

ಅಮೇರಿಕಾ ದೇಶದ ಅನೇಕ ಬಾಲಕ ಬಾಲಿಕೆಯರಿಗೆ ಇಂತಹ ಗಳಿಗೆಯನ್ನು ತಂದುಕೊಟ್ಟವನು ಜಾನ್ ಬೆಲೇರ್ಸ್. ಈತನು 1938ರಲ್ಲಿ ಮಿಷಿಗನ್ ಸಂಸ್ಥಾನದ ಮಾರ್ಷಲ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿ, ಕೆಲವು ಕಾಲ ಕಾಲೇಜುಗಳಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದನು. ಹಳೆಯ ಮಹಲು, ನಿರ್ಜನವಾದ ಸ್ಮಶಾನ, ಸತ್ತವರ ಶಾಪ, ಇವುಗಳನ್ನು ಸಾಮಗ್ರಿಯಾಗುಳ್ಳ ಕಥೆಗಳನ್ನು ಇಂಗ್ಲಿಷಿನಲ್ಲಿ ಗಾಥಿಕ್ ಎಂದು ಕರೆಯುವರು. 1764ರಲ್ಲಿ ಹೊರೇಸ್ ವಾಲ್ಪೋಲನಿಂದ ಮೊದಲಾದ ಈ ಪರಂಪರೆಯು ಪ್ರೌಢರಿಗಾಗಿ ಬೆಳೆದುಬಂದುದು. ಬೆಲೇರ್ಸನು ಕೂಡ ‘ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್’ ಎಂಬ ತನ್ನ ಕಾದಂಬರಿಯನ್ನು ಮೊದಲು ದೊಡ್ಡವರಿಗೆಂದೇ ಬರೆದನು. ಎಳೆಯರಿಗೆ ಒಪ್ಪುವಂತೆ ತಿದ್ದಬೇಕೆಂಬ ಸಲಹೆ ಬಂದಿತು. ಹಾಗೆ ತಿದ್ದಿದ ಗ್ರಂಥವು 1973ರಲ್ಲಿ, ಶಾಯಿಯ ಸಣ್ಣ ಗೆರೆಗಳಿಂದಲೇ ಕತ್ತಲೆಯನ್ನು ನೇಯಬಲ್ಲ ಎಡ್ವರ್ಡ್ ಗೋರಿಯ ಚಿತ್ರಗಳೊಡನೆ ಪ್ರಕಟವಾಯಿತು.

ಕಥೆಯ ಕಾಲ 1948. ತಂದೆತಾಯಿಗಳನ್ನು ಮೋಟಾರು ಅಪಘಾತದಲ್ಲಿ ಕಳೆದುಕೊಂಡ ಹತ್ತು ವರ್ಷದ ಲೂಯಿಸನು ತಂದೆಯ ಒಡಹುಟ್ಟಿದವನಾದ ಜೊನಾಥನನ ಮನೆಗೆ ಬರುವನು. ಊರಿನ ಹೆಸರು ನ್ಯೂ ಜೆಬಿಡೀ. ಅದು ಕರ್ತೃವಿನ ಮಾರ್ಷಲ್ ಪಟ್ಟಣದ ಪ್ರತಿಬಿಂಬವೇ. ಅಲ್ಲಿ 1872ರಲ್ಲಿ ಕಟ್ಟಿದ, ಗೋಪುರವುಳ್ಳ ಕ್ರೋನಿನ್ ಮನೆಯೇ ಕಥೆಯ ಮಹಲಿಗೆ ಮಾತೃಕೆ. ಜೊನಾಥನನು ಸಣ್ಣ ಮಾಂತ್ರಿಕ. ನೆರೆಮನೆಯ ಜಿಮ್ಮರ್‌ಮನ್ ಎಂಬಾಕೆಯು ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಮಂತ್ರವಿದ್ಯೆಗೆ ಪದವಿ ಪಡೆದವಳು. ಸಿಹಿ ಬಿಸ್ಕತ್ತು ಮಾಡುವುದರಲ್ಲಿಯೂ ಅಷ್ಟೇ ನಿಪುಣೆ. ಇಷ್ಟು ಹಿತವಾದ ಮನೆಯ ಗೋಡೆಯೊಳಗೆ ಎಲ್ಲಿಯೋ ಒಂದು ಗಡಿಯಾರವು ಟಿಕ್ ಟಿಕ್ ಎನ್ನುತ್ತಿರುವುದು. ಹಿಂದೆ ಅಲ್ಲಿದ್ದ ದುಷ್ಟ ಮಾಂತ್ರಿಕನೊಬ್ಬನು ಲೋಕವನ್ನೇ ಪ್ರಳಯಕ್ಕೆ ಗುರಿಮಾಡಲು ಅದನ್ನು ಅಡಗಿಸಿಟ್ಟು ಸತ್ತಿರುವನು.

ಇಂತಹ ಕಥೆಗಳನ್ನು ಮಕ್ಕಳ ಕೈಗೆ ಕೊಡಬಹುದೆ? ಹೆದರಿದ ಮಗುವು ರಾತ್ರಿ ಬೆಚ್ಚುವುದಿಲ್ಲವೆ? ಹಿರಿಯರ ಈ ಶಂಕೆಯು ತಳ್ಳಿಹಾಕತಕ್ಕುದಲ್ಲ. ಆದರೆ ಭಯವೆಲ್ಲ ಒಂದೇ ಜಾತಿಯದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಯಾನಕರಸವನ್ನು ಮೂರು ಬಗೆಯಾಗಿ ವಿಂಗಡಿಸಿರುವನು: ನಟನೆಯಿಂದ ತೋರುವುದು, ತನ್ನ ಅಪರಾಧದಿಂದ ಹುಟ್ಟುವುದು, ಹೊರಗಿನ ಬೆದರಿಕೆಯಿಂದ ಉಂಟಾಗುವುದು. ಬೆಲೇರ್ಸನು ಆ ಶಾಸ್ತ್ರವನ್ನು ಕಂಡವನೋ ಇಲ್ಲವೋ. ಆದರೆ ಮೂರೂ ಈ ಒಂದು ಪುಸ್ತಕದಲ್ಲಿ ಅಡಕವಾಗಿವೆ. ಜೊನಾಥನನು ಹಿತ್ತಿಲಲ್ಲಿ ನಿಂತು ಚಂದ್ರನಿಗೆ ಗ್ರಹಣ ಹಿಡಿಸುವ ಆಟವು ಮೊದಲನೆಯದು. ರಾತ್ರಿಯ ಗಡಿಯಾರದ ಸದ್ದು ಕೊನೆಯದು. ಕಥೆಯ ಪ್ರಾಣವಿರುವುದು ನಡುವಣದರಲ್ಲಿ.

ಲೂಯಿಸನು ಸ್ಥೂಲದೇಹಿ, ಆಟದಲ್ಲಿ ಹಿಂದುಳಿದವನು. ಶಾಲೆಯಲ್ಲಿ ಎಲ್ಲರೂ ಮೆಚ್ಚುವ ಟಾರ್ಬಿ ಎಂಬ ಹುಡುಗನು ಕೈ ಮುರಿದುಕೊಂಡಿದ್ದಾಗ ಇವನಿಗೆ ಜೊತೆಯಾದನು. ಕೈ ನೆಟ್ಟಗಾಗುತ್ತಲೇ ದೂರ ಸರಿಯತೊಡಗಿದನು. ಆ ಗೆಳೆತನವನ್ನು ಉಳಿಸಿಕೊಳ್ಳುವ ಹಂಬಲದಿಂದ ಲೂಯಿಸನು ಹ್ಯಾಲೋವೀನ್ ಎಂಬ ಪರ್ವದ ರಾತ್ರಿ ಸ್ಮಶಾನಕ್ಕೆ ಹೋಗಿ, ಕದ್ದು ಕಲಿತ ಮಂತ್ರದಿಂದ ಸತ್ತವರನ್ನು ಎಬ್ಬಿಸುವನು. ಎದ್ದವಳು ಆ ಮಾಂತ್ರಿಕನ ಹೆಂಡತಿ ಸೆಲೆನ್ನಾ. ಗಂಡನು ಬಿಟ್ಟುಹೋದ ಕಾರ್ಯವನ್ನು ಪೂರೈಸಲು ಬಂದವಳು. ಆಮೇಲೆ ಹುಡುಗನನ್ನು ಕಾಡುವುದು ಪ್ರೇತವೊಂದೇ ಅಲ್ಲ, ಬಾಯಿಬಿಡಲಾಗದ ಗುಟ್ಟು. ಗೆಳೆಯನಿಗಾಗಿ ಮಾಡಬಾರದುದನ್ನು ಮಾಡಿ, ಮನೆಯವರೆದುರು ಮೌನವಾಗಿ ಉಂಡೆದ್ದ ಹುಡುಗರು ಯಾವ ಊರಿನಲ್ಲಿಲ್ಲ? ಅಂತಹವನು ಈ ಪುಟಗಳಲ್ಲಿ ಕಾಣುವುದು ದೆವ್ವವನ್ನಲ್ಲ, ತನ್ನನ್ನು. ಇದುವರೆಗೆ ಹೆಸರಿಲ್ಲದಿದ್ದ ಭಯಕ್ಕೆ ಅವನಿಗೆ ಹೆಸರು ದೊರೆಯುವುದು. ಕೊನೆಯಲ್ಲಿ ಸೆಲೆನ್ನಾಳ ಮಾಟದಿಂದ ಹಿರಿಯರಿಬ್ಬರೂ ಮರದ ಬೊಂಬೆಗಳಂತೆ ಸ್ತಬ್ಧರಾದಾಗ, ಗಡಿಯಾರವನ್ನು ಒಡೆದುಹಾಕುವವನು ಆ ಅಂಜುಬುರುಕನೇ. ತಪ್ಪು ಅವನದು, ಪರಿಹಾರವೂ ಅವನ ಕೈಯಿಂದಲೇ ಆಗುವುದು.

ಬೆಲೇರ್ಸನ ಉಳಿದ ಪುಸ್ತಕಗಳನ್ನು ಹುಡುಕಿ ಓದಿದ ಮಗುವಿಗೆ ಇದೇ ದನಿ ಮತ್ತೆ ಕೇಳುವುದು. 1983ರ ‘ದಿ ಕರ್ಸ್ ಆಫ್ ದಿ ಬ್ಲೂ ಫಿಗರೀನ್’ನಲ್ಲಿ ತಾಯಿಯಿಲ್ಲದ ಜಾನಿಯು ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆಯುವನು. ಅವನ ಗೆಳೆಯನು ಚೈಲ್ಡರ್‌ಮಾಸ್ ಎಂಬ ಮುಂಗೋಪಿ ಪ್ರೊಫೆಸರು. ಈತನು ಸಿಟ್ಟು ಬಂದಾಗ ಹೊಕ್ಕು ಕೂಗಾಡಲೆಂದೇ ಮನೆಯಲ್ಲಿ ಒಂದು ಪುಟ್ಟ ಕೋಣೆಯನ್ನು ಇಟ್ಟುಕೊಂಡಿರುವನು! ಇನ್ನೊಂದು ಮಾಲೆಯ ಆಂಥೊನಿಗೆ ಒಬ್ಬ ವೃದ್ಧ ಗ್ರಂಥಪಾಲಕಿಯೇ ಸಖಿ. ಒಂಟಿ ಮಗು, ಅದನ್ನು ಸಮಾನನೆಂದು ಕಂಡು ಮಾತನಾಡಿಸುವ ವಿಚಿತ್ರ ಮುದುಕರು, ಇವರು ಎಲ್ಲೆಡೆಯೂ ಇರುವರು. ಈತನ ಕತ್ತಲೆಯು ಸಹ್ಯವಾಗಿರುವುದು ಇವರಿಂದಲೇ.

ಬೆಲೇರ್ಸನು 1991ರಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಪೂರ್ಣವಾಗಿ ಉಳಿದ ಕಥೆಗಳನ್ನು ಬ್ರಾಡ್ ಸ್ಟ್ರಿಕ್‌ಲ್ಯಾಂಡನು ಮುಗಿಸಿ, ಮಾಲೆಯನ್ನು ಮುಂದುವರಿಸಿದನು. 2018ರಲ್ಲಿ ಗಡಿಯಾರದ ಕಥೆಯು ಚಲಚ್ಚಿತ್ರವಾಯಿತು. ಆದರೆ ತೆರೆಯ ಮೇಲೆ ಕಂಡುದನ್ನು ಹತ್ತು ಜನರೊಡನೆ ಕುಳಿತು ಕಾಣುವೆವು. ಪುಸ್ತಕದ ಸದ್ದನ್ನು ಒಬ್ಬನೇ ಕುಳಿತು ಕೇಳಬೇಕು. ಹಾಗೆ ಕೇಳಿ ಬೆದರಿದ ಮಗುವಿನ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುವುದಕ್ಕಿಂತ, ಜೊನಾಥನನಂತೆ ಹಿರಿಯರು ಪಕ್ಕದ ಕೋಣೆಯಲ್ಲಿ ದೀಪವಾರಿಸದೆ ಎಚ್ಚರವಾಗಿರುವುದು ಮೇಲು. ಏನಾದರೂ ಹೇಳಬೇಕೆನಿಸಿದ ದಿನ ಮಗುವು ಆ ಬಾಗಿಲಿಗೆ ತಾನಾಗಿಯೇ ಬರುವುದು.