ಮುಚ್ಚಳ ತೆಗೆಯದ ಡಬ್ಬಿ

"ಮುಖ ಬರೆಯಬೇಡಿ. ಮುಖ ಬಿಟ್ಟು ನಿಮ್ಮನ್ನು ಬರೆದುಕೊಂಡು ಬನ್ನಿ."

ನಮ್ಮ ಡ್ರಾಯಿಂಗ್ ಮೇಷ್ಟ್ರು ಹೀಗೆಂದಾಗ ನಾನು ಒಂಬತ್ತನೇ ಕ್ಲಾಸು. ಸಾಗರದ ಕಡೆಯ ಮಳೆಗಾಲ, ಹೆಂಚಿನ ಮೇಲಿನ ಸದ್ದಿಗೆ ಪಾಠ ಕೇಳಿಸದ ದಿನಗಳು. ಅಲ್ಲಿಯವರೆಗೆ ಡ್ರಾಯಿಂಗ್ ಎಂದರೆ ನಮಗೆ ಹೂಕುಂಡ, ತೆಂಗಿನಮರ, ಎರಡು ಗುಡ್ಡಗಳ ನಡುವೆ ಸೂರ್ಯ. ಮುಖವಿಲ್ಲದೆ ನಮ್ಮನ್ನು ಬರೆಯುವುದು ಹೇಗೆ?

ಮೇಷ್ಟ್ರು ರಟ್ಟಿಗೆ ಅಂಟಿಸಿದ ಎರಡು ಚಿತ್ರ ತಂದಿದ್ದರು. ಮೊದಲನೆಯದರಲ್ಲಿ ಒಂದು ಖಾಲಿ ಕುರ್ಚಿ. ಹುಲ್ಲು ಹೆಣೆದ ಕೂರುಮಣೆ, ಅದರ ಮೇಲೆ ಪೈಪು, ತಂಬಾಕಿನ ಪೊಟ್ಟಣ. "ಇದು ಯಾರು?" ಎಂದರು. "ಕುರ್ಚಿ ಸಾರ್" ಎಂದೆವು. "ಅಲ್ಲ, ವಿನ್ಸೆಂಟ್ ವ್ಯಾನ್ ಗೋ" ಎಂದರು. 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ಗೆಳೆಯ ಗೋಗ್ಯಾಂ ಜೊತೆಗಿದ್ದಾಗ ಆತ ತನ್ನ ಕುರ್ಚಿಯನ್ನೂ ಗೆಳೆಯನ ಕುರ್ಚಿಯನ್ನೂ ಬೇರೆ ಬೇರೆ ಬರೆದ. ಗೆಳೆಯನದು ಕೈಯಿರುವ ಕುರ್ಚಿ, ರಾತ್ರಿಯ ಹೊತ್ತು, ಉರಿಯುವ ಮೇಣದಬತ್ತಿ, ಪುಸ್ತಕ. ತನ್ನದು ಹಗಲಿನ ಬಡ ಕುರ್ಚಿ. ಅದರ ಹಿಂದೆ ಮೊಳಕೆಯೊಡೆದ ಈರುಳ್ಳಿಯ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ವಿನ್ಸೆಂಟ್ ಎಂಬ ಸಹಿ. ಅಡುಗೆಮನೆಯ ಈರುಳ್ಳಿ ಪೆಟ್ಟಿಗೆಯ ಮೇಲೆ ಹೆಸರು ಹಾಕಿಕೊಂಡವನ ಬಗ್ಗೆ ನನಗೆ ಆವತ್ತೇ ಪ್ರೀತಿ ಹುಟ್ಟಿತು.

ಎರಡನೆಯ ಚಿತ್ರಕ್ಕೆ ಕ್ಲಾಸು ಸುಮ್ಮನಾಯಿತು. ಮೆಕ್ಸಿಕೋದ ಫ್ರೀಡಾ ಕಾಹ್ಲೋ 1939ರಲ್ಲಿ ಬರೆದ 'ಇಬ್ಬರು ಫ್ರೀಡಾಗಳು'. ಒಬ್ಬಳೇ ಹೆಂಗಸು ಇಬ್ಬರಾಗಿ ಕೈ ಹಿಡಿದು ಕೂತಿದ್ದಾಳೆ. ಒಬ್ಬಳಿಗೆ ಯುರೋಪಿನ ಬಿಳಿ ಲೇಸಿನ ಉಡುಪು, ಇನ್ನೊಬ್ಬಳಿಗೆ ಮೆಕ್ಸಿಕೋದ ತೆಹುವಾನಾ ಹೆಂಗಸರ ಉಡುಪು. ಇಬ್ಬರ ಹೃದಯವೂ ಎದೆಯ ಮೇಲೇ ಕಾಣುತ್ತದೆ, ಒಂದೇ ರಕ್ತನಾಳ ಎರಡನ್ನೂ ಸೇರಿಸಿದೆ. ಒಂದು ತುದಿ ತೆಹುವಾನಾದವಳ ಕೈಯಲ್ಲಿರುವ, ಗಂಡ ದಿಯೆಗೋ ರಿವೇರಾನ ಬಾಲ್ಯದ ಪುಟ್ಟ ಚಿತ್ರಕ್ಕೆ ಹೋಗುತ್ತದೆ. ಇನ್ನೊಂದು ತುದಿ ಕತ್ತರಿಸಿ ಹೋಗಿ ಬಿಳಿ ಲಂಗದ ಮೇಲೆ ನೆತ್ತರು ತೊಟ್ಟಿಕ್ಕುತ್ತಿದೆ. ಫ್ರೀಡಾ, ದಿಯೆಗೋ ವಿಚ್ಛೇದನವಾದ ವರ್ಷ ಅದು. ಮೇಷ್ಟ್ರು ಇದನ್ನೆಲ್ಲ ದನಿ ಏರಿಸದೆ ಹೇಳಿ, "ಒಂದು ಖಾಲಿ ಬೂಟಿನ ಡಬ್ಬಿ ತಗೊಳ್ಳಿ. ಊರಿಗೆ ಕಾಣುವ ನೀವು ಡಬ್ಬಿಯ ಹೊರಗೆ, ಊರಿಗೆ ಕಾಣದ ನೀವು ಒಳಗೆ. ಮುಂದಿನ ವಾರ ತನ್ನಿ" ಎಂದರು.

ಹವಾಯಿ ಚಪ್ಪಲಿ ಹಾಕುವ ನಮಗೆ ಬೂಟಿನ ಡಬ್ಬಿ ಎಲ್ಲಿಂದ ಬರಬೇಕು? ಸ್ವೀಟ್ ಡಬ್ಬಿ, ಊದುಬತ್ತಿ ಡಬ್ಬಿ, ಅಂಗಡಿಯವರನ್ನು ಕಾಡಿ ಬೇಡಿ ತಂದ ಸೋಪಿನ ರಟ್ಟು, ಹೀಗೆ ಎಲ್ಲವೂ ಬಂದವು.

ನಮ್ಮ ಕ್ಲಾಸಿನಲ್ಲೊಬ್ಬ ಹುಡುಗನಿದ್ದ. ಬಸ್ ಕಂಡಕ್ಟರನಿಂದ ಹಿಡಿದು ಯಕ್ಷಗಾನದ ಹಾಸ್ಯಗಾರನ ತನಕ ಎಲ್ಲರನ್ನೂ ಅಣಕಿಸಿ ನಗಿಸುವವನು. ಅವನ ಡಬ್ಬಿಯ ಹೊರಗೆ ಬಸ್ ಟಿಕೆಟ್ಟು, ಮೇಳದ ಹ್ಯಾಂಡ್‌ಬಿಲ್ಲು, ಬಣ್ಣಬಣ್ಣದ ಕಾಗದ. ಅವನೇ ಮುಚ್ಚಳ ತೆಗೆದು ತೋರಿಸಿದ. ಒಳಗೆ ಪೂರ್ತಿ ದೀಪದ ಮಸಿ. ತಳದಲ್ಲಿ ಬಿಳಿ ಕಾಗದದಲ್ಲಿ ಕತ್ತರಿಸಿದ ಒಂದೇ ಒಂದು ಊಟದ ಮಣೆ, ಅದರ ಮುಂದೆ ಒಂದೇ ಎಲೆ. ಯಾರೂ ನಗಲಿಲ್ಲ. ಅವನೂ ಏನೂ ವಿವರಿಸಲಿಲ್ಲ, ಮುಚ್ಚಳ ಹಾಕಿಕೊಂಡು ಹೋಗಿ ಕೂತ.

ನನ್ನ ಪಕ್ಕದವಳು ದೀವರ ಸಮುದಾಯದ ಹುಡುಗಿ. ಹಾಜರಿ ಕರೆದಾಗ ಬಿಟ್ಟರೆ ಅವಳ ದನಿ ಕೇಳಿದವರಿಲ್ಲ. ಅವಳ ಡಬ್ಬಿಗೆ ಪುಸ್ತಕಕ್ಕೆ ಹಾಕುವ ಕಂದು ಬೈಂಡಿನ ಹೊದಿಕೆ, ಬೇರೇನೂ ಇಲ್ಲ. ದಾರದಿಂದ ಬಿಗಿದು ಕಟ್ಟಿದ್ದಳು. ಮೇಷ್ಟ್ರು ಅದನ್ನು ಕೈಗೆತ್ತಿಕೊಂಡು ಸುತ್ತ ತಿರುಗಿಸಿ ನೋಡಿದರು. ದಾರ ಬಿಚ್ಚಲಿಲ್ಲ. ಹತ್ತಕ್ಕೆ ಒಂಬತ್ತು ಹಾಕಿ ವಾಪಸು ಕೊಟ್ಟರು.

"ಸಾರ್, ಒಳಗೆ ನೋಡದೇ ಮಾರ್ಕ್ಸ್ ಹ್ಯಾಗೆ ಕೊಟ್ರಿ?" ಎಂದು ಹಿಂದಿನ ಬೆಂಚಿನಿಂದ ತಕರಾರು ಬಂತು.

"ಕಟ್ಟಿ ತಂದಿದ್ದಾಳಲ್ಲ, ಅದೂ ಚಿತ್ರವೇ" ಎಂದರು ಮೇಷ್ಟ್ರು. "ಬಿಚ್ಚೋದು ಅವಳಿಗೆ ಬಿಟ್ಟಿದ್ದು."

ಸಂಜೆ ಬಸ್ಸಿಗೆ ಕಾಯುವಾಗ ಅವಳು ದಾರ ಸಡಿಲಿಸಿ, "ನಿಂಗೊಬ್ಳಿಗೇ" ಎಂದು ಮುಚ್ಚಳವನ್ನು ಬೆರಳಷ್ಟು ಎತ್ತಿದಳು. ಒಳಗೆ ನಾಲ್ಕೂ ಬದಿಗೆ ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆದಿದ್ದಳು. ಅವರ ಮನೆಗಳಲ್ಲಿ ಹೆಂಗಸರು ಪುಂಡಿನಾರಿನ ಕುಂಚದಿಂದ ಗೋಡೆಯ ಮೇಲೆ ಬರೆಯುವಂಥದ್ದು, ನೂಲಿನಷ್ಟು ಸಪೂರ ಗೆರೆ. ವಾಲಗದವರು, ಮದುಮಕ್ಕಳು, ತೇರು, ಕೈಕೈ ಹಿಡಿದ ಸಾಲು ಸಾಲು ಜನ. ಒಂದು ಮಾತೂ ಆಡದ ಹುಡುಗಿಯ ಒಳಗೆ ಅಷ್ಟು ದೊಡ್ಡ ಜಾತ್ರೆ ನಡೆಯುತ್ತಿತ್ತು. ಮೂಲೆಯ ಒಬ್ಬ ಡೋಲಿನವನ ಕೈ ಮೇಲಕ್ಕೆ ಎದ್ದಿತ್ತು, ಇನ್ನೇನು ಪೆಟ್ಟು ಬೀಳಬೇಕು ಎನ್ನುವಂತೆ. ಅಷ್ಟರಲ್ಲಿ ಬಸ್ಸು ಬಂತು.

ಇದನ್ನು ಹೇಳಬಹುದೇ ಎಂದು ಅವಳನ್ನು ಈಚೆಗೆ ಕೇಳಿದೆ. "ಈಗ ಹೇಳು ಮಾರಾಯ್ತಿ, ಪರವಾಗಿಲ್ಲ" ಎಂದಳು. ಚರ್ಚಾಸ್ಪರ್ಧೆಯಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದ ನನ್ನ ಡಬ್ಬಿಯ ಒಳಗೆ ಏನಿತ್ತು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಹೇಳದೆ ಇಟ್ಟುಕೊಳ್ಳಬಹುದು ಎಂಬ ಧೈರ್ಯ ನನಗೆ ಸಿಕ್ಕಿದ್ದೇ ಆ ಕ್ಲಾಸಿನಲ್ಲಿ.

ಈಗ ಶಿಬಿರಗಳಲ್ಲಿ ಮಕ್ಕಳಿಂದ ಇಂಥ ಚಿತ್ರ ಬರೆಸುತ್ತಾರೆ, ಸಂತೋಷ. ಆದರೆ ಬರೆದ ಕೂಡಲೇ ಒಬ್ಬೊಬ್ಬರನ್ನೂ ಎದ್ದು ನಿಲ್ಲಿಸಿ ಅರ್ಥ ಹೇಳಿಸುವುದನ್ನು ಕಂಡಾಗ ಸಂಕಟವಾಗುತ್ತದೆ. ಡ್ರಾಯಿಂಗ್ ಕಲಿಸುವವರಲ್ಲಿ ನನ್ನದೊಂದೇ ಕೋರಿಕೆ: ಮಗು ಡಬ್ಬಿ ಕಟ್ಟಿ ತಂದರೆ ದಾರ ಬಿಚ್ಚಬೇಡಿ, ಮಾರ್ಕ್ಸ್ ಕೊಟ್ಟು ಕೈಗೆ ವಾಪಸು ಕೊಡಿ.