ಜರಿಯ ನೊಣ

ಗಾಳ ಹಾಕುವವನ ತಾಳ್ಮೆಯನ್ನು ಹೊಗಳುವವರುಂಟು; ಅವನ ಕೈಗೆಲಸವನ್ನು ಗಮನಿಸುವವರು ಕಡಿಮೆ. ದೊಡ್ಡ ಮೀನಿರುವುದು ಹೊಳೆಯ ತಳದಲ್ಲಿ. ಅಲ್ಲಿಗೆ ಗಾಳವನ್ನು ಮುಟ್ಟಿಸುವುದು ಒಂದು ಚೂರು ಭಾರ. ಭಾರ ಹೆಚ್ಚಾದರೆ ಗಾಳ ಬಂಡೆಗೆ ಸಿಕ್ಕುತ್ತದೆ. ಕಡಿಮೆಯಾದರೆ ಮೀನಿನ ತಲೆಯ ಮೇಲೆ ಹಾದುಹೋಗುತ್ತದೆ. ವಿದ್ಯೆಯೆಲ್ಲ ಅಡಗಿರುವುದು ಈ ತೂಕದಲ್ಲಿಯೇ.

ಯಲಹಂಕದ ರೈಲುಗಾಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಈ ವಿದ್ಯೆ ಕಾವೇರಿಯಲ್ಲಿ ಸಿದ್ಧಿಸಿತ್ತು. ಗಾಳಿಬೋರೆ, ಭೀಮೇಶ್ವರಿಗಳ ಬಿಳಿಮೀನು, ಅಂದರೆ ಮಹಶೀರ್, ರಾಗಿಗೆ ಒಲಿಯುವ ಮೀನು. ಯಶವಂತಪುರದ ಮಂಡಿಯಿಂದ ತಂದ ರಾಗಿಯ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಅದರಲ್ಲಿ ಕೊಕ್ಕೆಯನ್ನು ಹುದುಗಿಸಿ, ಸೀಸದ ಭಾರದೊಡನೆ ರಭಸದ ನೀರಿಗೆ ಎಸೆಯುತ್ತಿದ್ದರು. ಸೀಸವನ್ನು ಮಾತ್ರ ತೆಳು ದಾರದಿಂದ ಕಟ್ಟುತ್ತಿದ್ದರು. ಬಂಡೆಗೆ ಸಿಕ್ಕಿದರೆ ಅದಷ್ಟೇ ಹರಿದುಹೋಗಲಿ ಎಂದು. ಮೀನು ಕಚ್ಚಿ ಓಡಿದರೆ ಹರಿಗೋಲಿನಲ್ಲಿ ಬೆನ್ನಟ್ಟುವುದು.

1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಮುಂದೆ ಭೀಮೇಶ್ವರಿಯ ಶಿಬಿರದಲ್ಲಿ ಹಿಡಿದ ಮೀನನ್ನು ಹೊಳೆಗೇ ಬಿಡುವ ಪದ್ಧತಿ ಬಂದಿತು. ವನ್ಯಜೀವಿಧಾಮದ ಕಟ್ಟುಪಾಡು ಬಿಗಿಯಾಗಿ, 2010ರ ನಂತರದ ವರ್ಷಗಳಲ್ಲಿ ಗಾಳವೇ ನಿಂತುಹೋಯಿತು. ಹಿರಿಯರ ಕೋಲು ಅಟ್ಟ ಸೇರಿತು. ಕಾವೇರಿಯ ಬೆನ್ನುಬ್ಬಿದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನು ಸೇರಿದ ಸುದ್ದಿಯನ್ನೋದಿ, ಅವರು ಕನ್ನಡಕ ತೆಗೆದಿಟ್ಟು ಸುಮ್ಮನೆ ಕುಳಿತರು.

ಬೇಸಗೆಯ ರಜೆಗೆ ಸಿಯಾಟಲ್‌ನಿಂದ ಬಂದ ಮೊಮ್ಮಗನ ಪೆಟ್ಟಿಗೆಯಲ್ಲಿ ಪುಟ್ಟದೊಂದು ವೈಸ್ ಇತ್ತು. ಅವನು ಬೆನ್ನುಹತ್ತಿರುವುದು ಸ್ಟೀಲ್‌ಹೆಡ್ ಎಂಬ ಮೀನನ್ನು. ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೇ ಮರಳುವ ಈ ಮೀನು ಸಾಲ್ಮನ್ನಿನ ನೆಂಟ. ಮರಳುವಾಗ ಅದಕ್ಕೆ ಊಟದ ಮೇಲೆ ಮನಸ್ಸಿಲ್ಲ. ಮುಂದೆ ಹಾದುಹೋದದ್ದು ಕೆಣಕಿದರೆ ಮಾತ್ರ ಕಚ್ಚೀತು.

ಹುಡುಗ ಕೊಕ್ಕೆಯನ್ನು ವೈಸಿಗೆ ಸಿಕ್ಕಿಸಿ, ಅದರ ಒಳಮುಳ್ಳನ್ನು ಇಕ್ಕಳದಿಂದ ಅದುಮಿದ. ಡಂಬೆಲ್ಲಿನಾಕಾರದ ಲೋಹದ ಕಣ್ಣುಗಳನ್ನು ಕೊಕ್ಕೆಯ ಬೆನ್ನಿನ ಮೇಲಿಟ್ಟು ದಾರವನ್ನು ಕತ್ತರಿಯಾಗಿ ಬಿಗಿದ. ಬಾಲಕ್ಕೆ ಟರ್ಕಿ ಕೋಳಿಯ ಮೆತ್ತನೆಯ ಪುಕ್ಕ.

"ಊಟದ ಮೇಜಿನ ಮೇಲೆ ಕೋಳಿಯ ಪುಕ್ಕವೇ! ಏನೋ ಅದು?" ಎಂದರು ಅಜ್ಜಿ.

"ನೊಣ, ಅಜ್ಜಿ. ನೀರಿನಲ್ಲಿ ಮರಿಮೀನಿನ ಹಾಗೆ ಕಾಣುತ್ತದೆ."

"ಹೆಸರಿಗೆ ನೊಣ, ರೂಪಕ್ಕೆ ಮೀನು, ಮೈಯೆಲ್ಲ ಕೋಳಿ, ಇದೆಂಥ ಅವತಾರವೋ!"

ಮೈಗೆ ಸುತ್ತಲು ತಂದಿದ್ದ ಬೆಳ್ಳಿಬಣ್ಣದ ಎಳೆ ಮುಗಿದಿತ್ತು. ಗದರಿದ ಅಜ್ಜಿಯೇ ಪೆಟ್ಟಿಗೆ ತೆಗೆದು, ಹರಿದ ಸೀರೆಯ ಸೆರಗಿನಿಂದ ಒಂದು ಗೇಣು ಜರಿ ಬಿಡಿಸಿಕೊಟ್ಟರು.

ಪರೀಕ್ಷೆ ನಡೆದದ್ದು ಬಚ್ಚಲಿನ ಬಕೆಟ್ಟಿನಲ್ಲಿ. ನೊಣ ತಲೆ ಕೆಳಗಾಗಿ ಮುಳುಗಿತು. ಎಳೆದರೆ ಮೇಲೆದ್ದು, ಬಿಟ್ಟರೆ ಇಳಿದು, ಪುಕ್ಕ ಉಸಿರಾಡಿದಂತಾಯಿತು. ಬೆನ್ನಿನ ಭಾರಕ್ಕೆ ಕೊಕ್ಕೆ ಮಗುಚಿ, ಮೊನೆ ಮೇಲಾಗಿತ್ತು. "ಕಲ್ಲಿಗೆ ಸಿಕ್ಕುವುದಿಲ್ಲ" ಎಂದು ಹಿರಿಯರು ತಾವೇ ಹೇಳಿದರು. ಹೊಳೆಗೆ ಅಡ್ಡಲಾಗಿ ಎಸೆದು, ದಾರವನ್ನು ಮೇಲ್ಹರಿವಿನತ್ತ ಮಗುಚಿ, ನೊಣ ಮುಳುಗಿದ ಬಳಿಕ ಬಿಗಿದ ದಾರದಲ್ಲಿ ಅದನ್ನು ದಡದತ್ತ ಕಮಾನಿನಂತೆ ತೂಗಿಬರಲು ಬಿಡಬೇಕು. ಆಮೇಲೆ ಎರಡು ಹೆಜ್ಜೆ ಕೆಳಗಿಳಿದು ಮತ್ತೆ ಎಸೆಯಬೇಕು. ಮೊಮ್ಮಗ ವಿವರಿಸುತ್ತಿದ್ದಂತೆ ತಾತನ ಮಣಿಕಟ್ಟು ತಾನಾಗಿ ಆಡುತ್ತಿತ್ತು. ಹೊಳೆಯಲ್ಲಿಯೇ ಹುಟ್ಟಿದ ಸ್ಟೀಲ್‌ಹೆಡ್ಡನ್ನು ನೀರಿನಿಂದ ಮೇಲೆತ್ತದೆ ಬಿಡಬೇಕೆಂಬುದು ಅಲ್ಲಿನ ಕಾನೂನು ಎಂದೂ ಹುಡುಗ ಹೇಳಿದ.

"ಬಿಡುವುದಾದರೆ ಹಿಡಿಯುವುದೇಕೆ?" ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ.

ಹುಡುಗ ತಾತನ ಮುಖ ನೋಡಿದ. ಅವರು ಸ್ವಲ್ಪ ತಡೆದು ಹೇಳಿದರು: "ಇನ್ನೂ ಇದೆ ಎಂಬುದು ಕೈಗೆ ಗೊತ್ತಾಗುತ್ತದಲ್ಲ, ಅದಕ್ಕೆ."

ಕಾವೇರಿಯಲ್ಲಿ ಹಾಗೆ ತಿಳಿದುಕೊಳ್ಳುವ ದಾರಿ ಈಗ ಅವರಿಗಿಲ್ಲ. ಆ ಕಟ್ಟುಪಾಡನ್ನು ಅವರು ಹಳಿಯುವುದೂ ಇಲ್ಲ. ಮೀನು ಉಳಿದರೆ ಸಾಕು. ಆದರೆ ಉಳಿದಿದೆಯೆ ಎಂಬ ಚಿಂತೆ ಅವರ ಬೆರಳುಗಳನ್ನು ಬಿಟ್ಟಿಲ್ಲ.

ಚಳಿಗಾಲದಲ್ಲಿ ಒಂದು ಬೆಳಗ್ಗೆ ಫೋನಿನಲ್ಲಿ ಚಿತ್ರವೊಂದು ಬಂತು: ಒದ್ದೆ ಕೈಯಲ್ಲಿ ಪುಕ್ಕ ಕೆದರಿದ ಜರಿಯ ನೊಣ, ಹಿಂದೆ ಹಸಿರು ನೀರು.

"ಮೀನೆಲ್ಲಿ?" ಎಂದರು ಅಜ್ಜಿ, ಕಣ್ಣು ಕಿರಿದು ಮಾಡಿ.

"ಹೊಳೆಯಲ್ಲಿದೆ" ಎಂದರು ಹಿರಿಯರು.