ಕೆರೆಯಂಗಳವೇ ಕ್ರೀಡಾಂಗಣ

ಕೆಮ್ಮಣ್ಣುಗುಂಡಿಯ ನೆತ್ತಿ ಹತ್ತಿದ ಮಕ್ಕಳಿಗೆ ನೀರಿನ ಪಾಠವನ್ನು ಬೇರೆ ಹೇಳಬೇಕಿಲ್ಲ. ಬಿದ್ದ ಮಳೆ ಇಳಿಜಾರು ಹಿಡಿಯುತ್ತದೆ. ಹೆಬ್ಬೆಯಲ್ಲಿ, ಕಲ್ಲತ್ತಿಗಿರಿಯಲ್ಲಿ ಧುಮುಕುತ್ತದೆ. ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ತರೀಕೆರೆ, ಕಡೂರು, ಅಜ್ಜಂಪುರದ ಕಡೆಯ ಶಾಲೆಗಳು ಬೆಂಗಳೂರಿಗೆ ಪ್ರವಾಸ ಹೊರಟಾಗ ಈ ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕಬ್ಬನ್ ಪಾರ್ಕಿನ ಸಮೀಪದ ಶ್ರೀ ಕಂಠೀರವ ಕ್ರೀಡಾಂಗಣ ನಿಂತಿರುವುದು ಅಂಥದೇ ತಗ್ಗಿನಲ್ಲಿ, ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ.

ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆ ಒಂದು ಕಾಲಕ್ಕೆ ಊರಿಗೆ ನೀರುಣಿಸಿತ್ತು. ಸುತ್ತಲಿನ ತೋಟಗಳಿಗೆ ಆಸರೆಯಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಊರಿಗೆ ಕೆರೆಯ ಹಂಗು ಬೇಡವಾಯಿತು. ಕ್ರಮೇಣ ನೀರು ಬತ್ತಿ, ಕೆರೆಯಂಗಳ ಆಟದ ಅಂಗಳವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣ ಇಂದಿನ ರೂಪ ಪಡೆಯಿತು.

ಓಟದ ಪಥದ ಅಳತೆಯಲ್ಲಿಯೇ ಒಂದು ಸೊಗಸಾದ ಲೆಕ್ಕವಿದೆ. ಪ್ರಮಾಣಿತ ಪಥದಲ್ಲಿ ತಲಾ 84.39 ಮೀಟರಿನ ಎರಡು ನೇರ ಭಾಗಗಳು, ಎರಡು ಅರೆವೃತ್ತಗಳು. ಒಳಗಿನ ಓಟಗಾರ ಸಾಗುವ ಅರೆವೃತ್ತದ ತ್ರಿಜ್ಯ 36.80 ಮೀಟರ್. ಕೂಡಿದರೆ ಸರಿಯಾಗಿ 400 ಮೀಟರ್! ಮಕ್ಕಳು ಮನೆಯಲ್ಲಿ ಲೆಕ್ಕ ಹಾಕಿ ನೋಡಬಹುದು. ಇದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಕಣ ಹಿಡಿಸುತ್ತದೆ. ಆದರೆ ಫುಟ್‌ಬಾಲ್, ರಗ್ಬಿಗೆಂದೇ ಕಟ್ಟಿದ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರು ಗೆರೆಯ ಪಕ್ಕದಲ್ಲೇ ಕೂತರೆ, ಇಲ್ಲಿ ನಡುವೆ ಓಟದ ಪಥ ಹಾದುಹೋಗುತ್ತದೆ.

ಹಂಚಿಕೊಳ್ಳುವುದು ಸುಲಭವಾಗಲಿಲ್ಲ. ಮೈಸೂರು ತಂಡ 1946-47ರಲ್ಲೇ ಸಂತೋಷ್ ಟ್ರೋಫಿ ಗೆದ್ದ ನಾಡಿದು. ಫುಟ್‌ಬಾಲಿನ ಹಕ್ಕು ಸಣ್ಣದಲ್ಲ. 2014ರಲ್ಲಿ ಬೆಂಗಳೂರು ಎಫ್‌ಸಿ ಇದನ್ನು ತವರು ಅಂಗಳ ಮಾಡಿಕೊಂಡಿತು. ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂದು ಅಥ್ಲೀಟುಗಳ ಕಡೆಯವರು ದೂರಿದರು. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ದೊಡ್ಡ ಪಂದ್ಯಕ್ಕೆ ಬಾಗಿಲು ತೆರೆದ ದಿನ ಓಟದ ಹುಡುಗಿ ಎಲ್ಲಿ ಓಡಬೇಕು? ಓಟಕ್ಕೇ ಮೀಸಲಿಟ್ಟರೆ ಚೆಂಡಿನ ಹುಡುಗ ಎಲ್ಲಿ ಆಡಬೇಕು? ಇಬ್ಬರ ಪ್ರಶ್ನೆಯೂ ನ್ಯಾಯವೇ.

ಎರಡಕ್ಕೂ ಈ ನೆಲ ಒದಗಿದ್ದುಂಟು. 2023ರ ಜುಲೈ 4ರಂದು ಭಾರತ ಇಲ್ಲಿ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಿತು. 2025ರ ಜುಲೈ 5ರಂದು ನೀರಜ್ ಚೋಪ್ರಾ ಇಲ್ಲಿಯೇ 86.18 ಮೀಟರ್ ದೂರ ಜಾವೆಲಿನ್ ಎಸೆದು ಗೆದ್ದರು.

ಮೊದಲ ಹಕ್ಕುದಾರನೂ ಪೂರ್ತಿ ಹೋಗಿಲ್ಲ. ಕ್ರೀಡಾಂಗಣದ ಪಕ್ಕದಲ್ಲಿ ಸಂಪಂಗಿ ಕೆರೆಯ ತುಣುಕೊಂದು ಪುಟ್ಟ ಕೊಳವಾಗಿ ಉಳಿದಿದೆ. ಬೆಂಗಳೂರು ಕರಗದ ಸಮಯದಲ್ಲಿ ಹಸಿ ಕರಗದ ವಿಧಿ ನಡೆಯುವುದು ಅಲ್ಲಿಯೇ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಎತ್ತರದ ದೀಪಸ್ತಂಭಗಳನ್ನು ತೋರಿಸಲಿ. ಹಾಗೆಯೇ ಆ ಕೊಳವನ್ನೂ ತೋರಿಸಲಿ.